‘ಫೋಟೊದಾಗ ನೀರಿತ್ತಲ್ಲೋ ತಮ್ಮಾ’: ‘ವಾಟರ್‌ಫ್ರಂಟ್’ ಮನೆಯ ಚಿತ್ರ ಹೇಗೆ ತಯಾರಾಗುತ್ತದೆ?

ಕಳೆದ ಏಪ್ರಿಲ್‌ನ ಒಂದು ಮಧ್ಯಾಹ್ನ ನನಗೆ ಪ್ರಾಥಮಿಕ ಶಾಲೆಯಲ್ಲಿ ಕಲಿಸಿದ ಮಾಸ್ತರರು ಫೋನ್ ಮಾಡಿದರು. ನಿವೃತ್ತರಾಗಿ ಬೈಲಹೊಂಗಲದಲ್ಲಿದ್ದಾರೆ. ಆದರೆ ಅವತ್ತು ಫೋನ್ ಬಂದದ್ದು ಸವದತ್ತಿ ತಾಲೂಕಿನ ಹಿನ್ನೀರಿನ ದಂಡೆಯಿಂದ.

“ತಮ್ಮಾ, ಪ್ಲಾಟಿನ್ಯಾಗ ನಿಂತೇನಿ. ಇಲ್ಲಿ ನೀರ ಎಲ್ಲೈತೋ?”

ನಾನು ಸುಮ್ಮನಿದ್ದೆ. ಅವರೇ ಮುಂದುವರಿಸಿದರು: “ಒಂದು ಕಿಲೋಮೀಟರ್ ನಡದ್ನಿ. ಬರೇ ಬಿರುಕ ಬಿಟ್ಟ ಎರಿ. ನಿನ್ನ ಫೋಟೊದಾಗ ನೀರಿತ್ತಲ್ಲೋ ತಮ್ಮಾ.”

ಇತ್ತು. ಆ ಫೋಟೊ ತೆಗೆದವನು ನಾನೇ. ಅದನ್ನು ಹೆಮ್ಮೆಯಿಂದ ನನ್ನ ವಾಟ್ಸಾಪ್ ಸ್ಟೇಟಸ್‌ಗೂ ಹಾಕಿಕೊಂಡಿದ್ದೆ. ಮಾಸ್ತರರು ಅದನ್ನು ನೋಡಿ, “ನಮ್ಮ ಹುಡುಗ ತಗದದ್ದು, ಸುಳ್ಳ ಇರಾಕಿಲ್ಲ” ಅಂದುಕೊಂಡು, ನಿವೃತ್ತಿಯಾದಾಗ ಬಂದ ಹಣದಲ್ಲಿ ಮುಂಗಡ ಕೊಟ್ಟಿದ್ದರು.

ಈ ಲೇಖನ ಆ ಫೋಟೊ ಬಗ್ಗೆ. ಅದರಲ್ಲಿ ಸುಳ್ಳು ಎನ್ನುವಂಥ ಒಂದು ಚುಕ್ಕಿಯನ್ನೂ ನಾನು ಹೊಸದಾಗಿ ಬರೆದಿರಲಿಲ್ಲ. ಆದರೂ ಅದು ಸುಳ್ಳು ಹೇಳಿತು. ಇದು ಹೇಗೆ ಸಾಧ್ಯ ಎಂಬುದನ್ನು, ಈ ಕೆಲಸ ಮಾಡುವವನಾಗಿ, ಬಿಡಿಸಿ ಹೇಳುವುದು ನನ್ನ ಜವಾಬ್ದಾರಿ ಅನ್ನಿಸಿದೆ. ಯಾಕೆಂದರೆ ಇಂಥ ಫೋಟೊಗಳು ಈಗ ನಿಮ್ಮ ಫೋನಿನಲ್ಲೂ ದಿನಾ ಬರುತ್ತಿವೆ.

ಬೆಂಗಳೂರಿನಲ್ಲಿ ಕಲಿತದ್ದು

ನಾನು ಮೊದಲು ಮದುವೆ, ಸೀಮಂತ, ಜವಳ ಅಂತ ಊರಲ್ಲೇ ಫೋಟೊ ತೆಗೆಯುತ್ತಿದ್ದೆ. ಆಮೇಲೆ ಬೆಂಗಳೂರಿಗೆ ಹೋಗಿ ಕೆಲವು ವರ್ಷ ರಿಯಲ್ ಎಸ್ಟೇಟ್ ಫೋಟೊಗ್ರಫಿಯಲ್ಲಿ ಸಹಾಯಕನಾಗಿ ದುಡಿದೆ. ಕೆರೆ ಪಕ್ಕದ ವಿಲ್ಲಾ, ಕೆರೆಗೆ ಮುಖಮಾಡಿದ ಅಪಾರ್ಟ್‌ಮೆಂಟಿನ ಮೇಲಂತಸ್ತು, ವಾರಾಂತ್ಯದ ಫಾರ್ಮ್‌ಹೌಸ್. ಒಂದೇ ಕಟ್ಟಡದಲ್ಲಿ ರಸ್ತೆ ಕಡೆಯ ಮನೆಗೆ ಒಂದು ದರ, ಕೆರೆ ಕಡೆಯ ಮನೆಗೆ ಅದಕ್ಕಿಂತ ಹೆಚ್ಚು. ಬಿಲ್ಡರ್‌ಗಳು ಇದನ್ನು ‘ಪಿಎಲ್‌ಸಿ’ ಅನ್ನುತ್ತಾರೆ. ಅಂದರೆ ಒಳ್ಳೆಯ ಜಾಗದ ಮನೆ ಆರಿಸಿಕೊಂಡಿದ್ದಕ್ಕೆ ಮೇಲುಶುಲ್ಕ. ನೀರು ಯಾರಪ್ಪನದೂ ಅಲ್ಲ, ಆದರೆ ನೀರಿನ ನೋಟಕ್ಕೆ ಬಿಲ್ ಇದೆ. ಆ ಬಿಲ್ಲಿಗೆ ಸಮರ್ಥನೆ ಒದಗಿಸುವುದೇ ಫೋಟೊಗ್ರಾಫರನ ಕೆಲಸ.

ಕೆಲಸ ಶುರುವಾಗುವುದು ಕ್ಯಾಮೆರಾದಿಂದಲ್ಲ, ಗಡಿಯಾರದಿಂದ. ಐಷಾರಾಮಿ ಮನೆಯ ಮುಖ್ಯ ಚಿತ್ರವನ್ನು ಹಗಲಲ್ಲಿ ತೆಗೆಯುವುದು ಕಡಿಮೆ. ಸೂರ್ಯ ಮುಳುಗಿದ ಮೇಲೆ ಇಪ್ಪತ್ತು–ಮೂವತ್ತು ನಿಮಿಷ ಆಕಾಶ ಗಾಢ ನೀಲಿಯಾಗಿರುತ್ತದೆ. ನಮ್ಮ ಭಾಷೆಯಲ್ಲಿ ಅದು ‘ಬ್ಲೂ ಅವರ್’. ಆಗ ಮನೆಯೊಳಗಿನ ಹಳದಿ ದೀಪದ ಬೆಳಕು ಮತ್ತು ಹೊರಗಿನ ಆಕಾಶದ ಬೆಳಕು ಹೆಚ್ಚುಕಡಿಮೆ ಸಮವಾಗುತ್ತವೆ. ಗಾಜಿನ ಗೋಡೆಯ ಮನೆ ಒಳಗಿನಿಂದ ಹೊಳೆಯುತ್ತದೆ. ನೀರು ಆಕಾಶದ ಬಣ್ಣವನ್ನು ಹೀರಿ ನೀಲಿಯಾಗುತ್ತದೆ. ಹಗಲಲ್ಲಿ ಹಸಿರು ಪಾಚಿ ಕಟ್ಟಿದ ಕೆರೆ ಕೂಡ ಆ ಹೊತ್ತಿಗೆ ನೀಲಿಯೇ.

ಅದಕ್ಕೆ ಮುಂಚೆ ಒಂದಿಷ್ಟು ತಯಾರಿ. ಅಂಗಳದ ಕಲ್ಲಿಗೆ ನೀರು ಹಾಕುತ್ತೇವೆ, ಒದ್ದೆ ಕಲ್ಲು ದೀಪವನ್ನು ಪ್ರತಿಫಲಿಸಲಿ ಎಂದು. ಕಾರು, ಕಸದ ಡಬ್ಬಿ, ಪೈಪು, ಒಣಗಲು ಹಾಕಿದ ಬಟ್ಟೆ ಎಲ್ಲ ಎತ್ತಿಸುತ್ತೇವೆ. ಕ್ಯಾಮೆರಾ ಟ್ರೈಪಾಡಿನ ಮೇಲೆ, ಎದೆಯ ಎತ್ತರಕ್ಕೆ. ಗೋಡೆಗಳು ವಾಲದಂತೆ ನೆಟ್ಟಗೆ. ಒಂದೇ ನೋಟವನ್ನು ಬೇರೆ ಬೇರೆ ಬೆಳಕಿನ ಮಟ್ಟದಲ್ಲಿ ಐದಾರು ಬಾರಿ ತೆಗೆದು, ಕಂಪ್ಯೂಟರಿನಲ್ಲಿ ಒಂದಾಗಿಸುತ್ತೇವೆ. ಒಳಗಿನ ಸೋಫಾವೂ ಕಾಣಬೇಕು, ಕಿಟಕಿಯಾಚೆಯ ಕೆರೆಯೂ ಕಾಣಬೇಕು, ಅದಕ್ಕಾಗಿ. ಕಣ್ಣು ಇವೆರಡನ್ನೂ ನೋಡಬಲ್ಲದು, ಕ್ಯಾಮೆರಾ ಒಂದೇ ಸಲಕ್ಕೆ ನೋಡಲಾರದು. ಹಾಗಾಗಿ ಇದನ್ನು ಮೋಸ ಎನ್ನಲಾಗದು.

ತೊಡಕು ಶುರುವಾಗುವುದು ಮುಂದಿನ ಹಂತದಲ್ಲಿ.

ಕಪ್ಪು ಗಾಜು ಮತ್ತು ಕಾಣೆಯಾದ ನೊರೆ

ಎನ್‌ಡಿ ಫಿಲ್ಟರ್ ಅಂತ ಒಂದಿದೆ. ಲೆನ್ಸಿನ ಮುಂದೆ ಹಾಕುವ ಕಪ್ಪು ಗಾಜು. ಅದು ಬೆಳಕನ್ನು ತಡೆಯುವುದರಿಂದ ಒಂದೇ ಚಿತ್ರಕ್ಕೆ ಕ್ಯಾಮೆರಾ ಮೂವತ್ತು ಸೆಕೆಂಡು ಕಣ್ಣು ತೆರೆದಿರಬೇಕಾಗುತ್ತದೆ. ಆ ಮೂವತ್ತು ಸೆಕೆಂಡಿನಲ್ಲಿ ಅಲುಗಾಡಿದ್ದೆಲ್ಲ ಕರಗಿಹೋಗುತ್ತದೆ. ಅಲೆಗಳು ರೇಷ್ಮೆಯಂತೆ ನುಣುಪಾಗುತ್ತವೆ. ದಂಡೆಯಲ್ಲಿ ನಡೆದುಹೋದ ಮನುಷ್ಯ ಚಿತ್ರದಲ್ಲಿ ಇರುವುದೇ ಇಲ್ಲ. ನೀರಿನ ಮೇಲೆ ತೇಲುವ ನೊರೆ ಬೆಳ್ಳನೆಯ ಮಂಜಾಗಿ ಬದಲಾಗುತ್ತದೆ. ನೋಡಿದವರು “ಎಷ್ಟು ಚೆಂದ ಮಂಜು” ಅನ್ನುತ್ತಾರೆ.

ಬೆಂಗಳೂರಿನ ನೊರೆ ಏನೆಂದು ನಿಮಗೆ ಗೊತ್ತು. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿ ಬಂದದ್ದನ್ನು ಜಗತ್ತೇ ನೋಡಿತು. 2017ರ ಫೆಬ್ರವರಿಯಲ್ಲಿ ಮತ್ತು 2018ರ ಜನವರಿಯಲ್ಲಿ ಆ ಕೆರೆಗೆ ಬೆಂಕಿಯೇ ಬಿದ್ದಿತ್ತು. 2022ರ ಸೆಪ್ಟೆಂಬರ್ ಮಳೆಯಲ್ಲಿ ಯಮಲೂರು ಕಡೆಯ ದುಬಾರಿ ವಿಲ್ಲಾಗಳಿಗೆ ನೀರು ನುಗ್ಗಿ, ಕೋಟಿ ಬೆಲೆಯ ಕಾರುಗಳು ಮುಳುಗಿ, ಜನರು ಟ್ರ್ಯಾಕ್ಟರ್ ಹತ್ತಿ ಹೊರಬಂದರು. ಕೆರೆಯಿಂದ ಕೆರೆಗೆ ನೀರು ಹರಿಯುವ ರಾಜಕಾಲುವೆಗಳನ್ನು ಮುಚ್ಚಿ, ಕಿರಿದು ಮಾಡಿ ಕಟ್ಟಿದರೆ ನೀರು ತನ್ನ ಹಳೇ ದಾರಿ ಹುಡುಕಿಕೊಂಡು ಬರುತ್ತದೆ. ನಮ್ಮ ಕಡೆ ಟ್ರ್ಯಾಕ್ಟರ್ ಕಬ್ಬು ಹೇರಲು. ಅಲ್ಲಿ ಸಾಫ್ಟ್‌ವೇರ್ ಸಾಹೇಬರನ್ನು ಹೇರಲು ಬಂತು ಅಂತ ನಾವು ನಕ್ಕೆವು. ನಗಬಾರದಿತ್ತು.

ಕೆರೆಗೂ ಕಟ್ಟಡಕ್ಕೂ ನಡುವೆ ಎಷ್ಟು ಜಾಗ ಬಿಡಬೇಕು ಎಂಬುದು ದೊಡ್ಡ ರಾಜಕೀಯ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಮೇ ತಿಂಗಳಲ್ಲಿ ಬೆಂಗಳೂರಿನ ಕೆರೆಗಳಿಗೆ 75 ಮೀಟರ್ ಬಫರ್ ಎಂದಿತು. ಬಿಲ್ಡರ್‌ಗಳೂ ಸರ್ಕಾರವೂ ಸುಪ್ರೀಂ ಕೋರ್ಟಿಗೆ ಹೋದರು. 2019ರ ಮಾರ್ಚ್‌ನಲ್ಲಿ ಆ ಆದೇಶ ರದ್ದಾಗಿ, ಮಾಸ್ಟರ್ ಪ್ಲಾನ್‌ನ 30 ಮೀಟರ್ ಉಳಿಯಿತು. 2025ರ ಆಗಸ್ಟ್‌ನಲ್ಲಿ ರಾಜ್ಯ ವಿಧಾನಮಂಡಲವು ಕೆರೆಯ ವಿಸ್ತೀರ್ಣಕ್ಕೆ ತಕ್ಕಂತೆ ಬಫರ್ ಕಡಿಮೆ ಮಾಡುವ ತಿದ್ದುಪಡಿ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಈ 75, 30 ಎಂಬ ಅಂಕಿಗಳು ಕಾಗದದ ಮೇಲೆ ಒಣ ಒಣ ಕಾಣುತ್ತವೆ. ಫೋಟೊದಲ್ಲಿ ಅವುಗಳ ಅರ್ಥ ಇಷ್ಟೇ: ಬಾಲ್ಕನಿಯಿಂದ ನೀರು ಎಷ್ಟು ಹತ್ತಿರ ಕಾಣುತ್ತದೆ. ಹತ್ತಿರವಾದಷ್ಟೂ ದರ ಏರುತ್ತದೆ. ಬಫರ್ ಕಮ್ಮಿ ಮಾಡಿ ಅನ್ನುವ ಒತ್ತಡ ಎಲ್ಲಿಂದ ಬರುತ್ತದೆ ಎಂದು ನನಗೆ ಅರ್ಥವಾದದ್ದು ಟ್ರೈಪಾಡ್ ಹಿಂದೆ ನಿಂತಾಗ.

ಊರಿಗೆ ಬಂದ ‘ಲೇಕ್ ವ್ಯೂ’

ನಾನು ಊರಿಗೆ ವಾಪಸಾದ ಮೇಲೆ ಈ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದಲ್ಲಿ ವಾಟರ್‌ಫ್ರಂಟ್ ಮನೆ ಯಾರು ಕಟ್ಟುತ್ತಾರೆ? ನಮ್ಮಲ್ಲಿ ಹೊಳೆ ದಂಡೆಯಲ್ಲಿ ಮನೆ ಇದ್ದರೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಾರೆ.

ಆದರೆ ಒಂದು ದಿನ ಏಜೆಂಟರೊಬ್ಬರ ಫೋನು ಬಂತು. “ಹಿನ್ನೀರ ಪಕ್ಕ ಫಾರ್ಮ್‌ಹೌಸ್ ಪ್ಲಾಟು ಹಾಕಾಕತ್ತೇವ್ರಿ. ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರ ಪಾರ್ಟಿ ಬರ್ತಾವ. ಫೋಟೊ ಹೆಂಗಿರಬೇಕಂದ್ರ, ನೋಡಿದವ್ರು ಗೋವಾ ಅನಬೇಕು.”

ಜಾಗ ನೋಡಲು ಸೆಪ್ಟೆಂಬರ್ ಕೊನೆಯಲ್ಲಿ ಹೋದೆ. ಆ ವರ್ಷ ಮಳೆ ಚೆನ್ನಾಗಿತ್ತು, ರೇಣುಕಾಸಾಗರ ಮೈದುಂಬಿತ್ತು. ಸಂಜೆ ಪಡುವಣ ದಿಕ್ಕಿಗೆ ನೀರಿನ ಮೇಲೆ ಸೂರ್ಯ ಇಳಿಯುವುದು ನಿಜವಾಗಿಯೂ ಚೆಂದ. ಪ್ಲಾಟಿಗೂ ನೀರಿಗೂ ನಡುವೆ ಮೆಕ್ಕೆಜೋಳದ ಹೊಲಗಳಿದ್ದವು. ನಡೆದರೆ ಐದು ನಿಮಿಷದ ದಾರಿ.

ಅವತ್ತು ನಾನು ಮಾಡಿದ್ದು ಮೂರು ಕೆಲಸ.

ಒಂದು: ಪ್ಲಾಟಿನಿಂದ ಬಹಳ ಹಿಂದೆ, ಸ್ವಲ್ಪ ಏರಿನ ಮೇಲೆ ನಿಂತು 200 ಎಂಎಂ ಲೆನ್ಸ್ ಹಾಕಿದೆ. ದೂರದಿಂದ ನೋಡಿದಾಗ ಹತ್ತಿರದ ವಸ್ತುವಿಗೂ ಅದರ ಹಿಂದಿನ ವಸ್ತುವಿಗೂ ನಡುವಿನ ಅಂತರ ಕುಗ್ಗಿದಂತೆ ಕಾಣುತ್ತದೆ. ಉದ್ದ ಲೆನ್ಸ್ ಆ ಭಾಗವನ್ನಷ್ಟೇ ಕತ್ತರಿಸಿ ದೊಡ್ಡದಾಗಿ ತೋರಿಸುತ್ತದೆ. ಐದು ನಿಮಿಷದ ಹೊಲ ಒಂದು ಹಸಿರು ಗೆರೆಯಾಯಿತು. ಪ್ಲಾಟಿನ ಬೇಲಿಗೆ ನೀರು ತಾಗಿದಂತಾಯಿತು. ಕ್ರಿಕೆಟ್ ಮ್ಯಾಚಿನಲ್ಲಿ ಬೌಲರ್‌ಗೂ ಬ್ಯಾಟರ್‌ಗೂ ನಡುವೆ ನಾಲ್ಕು ಹೆಜ್ಜೆ ಇದ್ದ ಹಾಗೆ ಟಿವಿಯಲ್ಲಿ ಕಾಣುತ್ತದಲ್ಲ, ಅದೇ ಲೆಕ್ಕ.

ಎರಡು: ಡ್ರೋನ್. ತೀರಾ ಎತ್ತರಕ್ಕೆ ಹಾರಿಸಿದರೆ ಹೊಲ, ಪಂಪ್‌ಸೆಟ್, ಕರೆಂಟ್ ಕಂಬ ಎಲ್ಲ ಬಯಲಾಗುತ್ತವೆ. ಮರದ ತುದಿಗಿಂತ ಸ್ವಲ್ಪ ಮೇಲೆ, ನಲವತ್ತು ಅಡಿಯಲ್ಲಿ ನಿಲ್ಲಿಸಿದರೆ ಮುಂದಿನ ಮರಗಳು ಹೊಲವನ್ನು ಮುಚ್ಚುತ್ತವೆ, ಅವುಗಳಾಚೆ ನೇರ ನೀರು. ಉಳಿದ ಒಂದು ಕರೆಂಟ್ ತಂತಿಯನ್ನು ಕಂಪ್ಯೂಟರಿನಲ್ಲಿ ಅಳಿಸಿದೆ.

ಮೂರು: ಆ ಡ್ರೋನ್ ಚಿತ್ರವನ್ನು, ಕ್ಯಾಮೆರಾದ ಎತ್ತರ, ಲೆನ್ಸ್, ಸೂರ್ಯನ ದಿಕ್ಕು, ಗಂಟೆ ಎಲ್ಲ ಬರೆದು ಕಂಪ್ಯೂಟರಿನಲ್ಲಿ ಮನೆ ಬಿಡಿಸುವ ಹುಡುಗರಿಗೆ ಕೊಟ್ಟೆ. ಅವರು ಅದೇ ಬೆಳಕಿಗೆ ಹೊಂದುವಂತೆ ಗಾಜಿನ ಗೋಡೆಯ ಎರಡಂತಸ್ತಿನ ವಿಲ್ಲಾ, ಅಂಚಿಲ್ಲದ ಈಜುಕೊಳ, ಎರಡು ಆರಾಮಕುರ್ಚಿ ಕೂಡಿಸಿದರು. ಆ ಮನೆ ಭೂಮಿಯ ಮೇಲೆ ಎಲ್ಲೂ ಇಲ್ಲ. ಹಿಂದಿನ ನೀರು ಮಾತ್ರ ನಿಜದ್ದು. ನಿಜದ ನೀರು ಇದ್ದುದರಿಂದಲೇ ಇಲ್ಲದ ಮನೆಯನ್ನು ಜನ ನಂಬಿದರು.

ಮಾಸ್ತರರು ನೋಡಿದ್ದು ಇದನ್ನು.

ಆ ನೀರು ಯಾರದು?

ಫೋಟೊ ಸೆಪ್ಟೆಂಬರ್‌ನದು. ಮಾಸ್ತರರು ಹೋದದ್ದು ಏಪ್ರಿಲ್‌ಗೆ. ಎರಡರ ನಡುವಿನ ವ್ಯತ್ಯಾಸ ತಿಳಿಯಬೇಕಾದರೆ ಅದು ಕೆರೆಯೂ ಅಲ್ಲ, ಸಮುದ್ರವೂ ಅಲ್ಲ, ಅಣೆಕಟ್ಟಿನ ಹಿನ್ನೀರು ಎಂಬುದು ಗೊತ್ತಿರಬೇಕು.

ಮಲಪ್ರಭೆ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುತ್ತಾಳೆ. ಕಿತ್ತೂರು ಸಮೀಪದ ಎಂ.ಕೆ. ಹುಬ್ಬಳ್ಳಿ, ಬೈಲಹೊಂಗಲ ತಾಲೂಕಿನ ಸಂಗೊಳ್ಳಿ ದಾಟಿ ಸವದತ್ತಿ ಬಳಿಯ ನವಿಲುತೀರ್ಥದ ಗುಡ್ಡದ ಸಂದಿಗೆ ಬರುತ್ತಾಳೆ. ಅಲ್ಲಿ ಕಟ್ಟಿದ ಅಣೆಕಟ್ಟಿನಲ್ಲಿ 1970ರ ದಶಕದಲ್ಲಿ ನೀರು ನಿಂತಿತು. ಜಲಾಶಯದ ಸಾಮರ್ಥ್ಯ 37.73 ಟಿಎಂಸಿ, ಪೂರ್ಣ ಮಟ್ಟ 2079.50 ಅಡಿ. ಆ ಮಟ್ಟದೊಳಗಿನ ಜಮೀನು ಯೋಜನೆಗೆ ಸ್ವಾಧೀನವಾದದ್ದು. ಊರುಗಳು ಎದ್ದು ಹೋದವು. ನನ್ನ ತಾಯಿಯ ತವರು ಮನೆಯೂ ಅದರಲ್ಲಿ ಹೋಯಿತು. ನಮ್ಮ ಆಯಿ ಕೊನೆಯವರೆಗೂ “ನಮ್ಮ ಹಳೇ ಊರು” ಅಂತ ನೀರಿನ ಕಡೆ ಕೈ ತೋರಿಸುತ್ತಿದ್ದಳು.

ಈ ಜಲಾಶಯ ಪ್ರತಿವರ್ಷ ತುಂಬುವುದಿಲ್ಲ. ಅದಕ್ಕೇ ಕಳಸಾ–ಬಂಡೂರಿ ಹೋರಾಟ. ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ಕರ್ನಾಟಕಕ್ಕೆ ಕೊಟ್ಟ 13.42 ಟಿಎಂಸಿಯಲ್ಲಿ ಮಲಪ್ರಭೆಗೆ ತಿರುಗಿಸಿಕೊಳ್ಳಲು ಸಿಕ್ಕಿದ್ದು 3.9 ಟಿಎಂಸಿ. ತುಂಬಿದ ವರ್ಷವೂ ಬೇಸಿಗೆಯವರೆಗೆ ನೀರು ಹಾಗೇ ನಿಲ್ಲುವುದಿಲ್ಲ, ನಿಲ್ಲಬಾರದು ಕೂಡ. ಕಾಲುವೆಗೆ ಬಿಡಬೇಕು, ಹುಬ್ಬಳ್ಳಿ–ಧಾರವಾಡಕ್ಕೆ ಕುಡಿಯಲು ಕೊಡಬೇಕು. ಹಿಂಗಾರಿನಿಂದ ನೀರು ಹಿಂದೆ ಸರಿಯತೊಡಗುತ್ತದೆ. ಸರಿದ ಹಾಗೆ ದಂಡೆಯ ರೈತರು ಆ ಹಸಿ ಎರಿಯಲ್ಲಿ ಕಡ್ಲಿ, ಜ್ವಾಳ ಬಿತ್ತುತ್ತಾರೆ. ಇಲ್ಲಿಯ ಭೂಮಿ ಸಮತಟ್ಟು. ಮಟ್ಟ ಕೆಲವೇ ಅಡಿ ಇಳಿದರೂ ನೀರಿನ ಅಂಚು ಬಹಳ ದೂರ ಹೋಗುತ್ತದೆ. ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದಲ್ಲಿ ಹುನ್ನೂರಿನ ವಿಠ್ಠಲ ದೇವಸ್ಥಾನ ಬೇಸಿಗೆಗೆ ನೀರಿನಿಂದ ಮೇಲೆದ್ದು ಬರುವುದನ್ನು ನೀವು ರೀಲ್ಸ್‌ನಲ್ಲಿ ನೋಡಿರಬಹುದು. ಅದೇ ಕಥೆ ಇಲ್ಲಿಯೂ.

ಅಂದರೆ ಹಿನ್ನೀರಿನ ಪಕ್ಕದ ಪ್ಲಾಟಿಗೆ ವರ್ಷದಲ್ಲಿ ಕೆಲವೇ ತಿಂಗಳು, ಅದೂ ಮಳೆ ಚೆನ್ನಾಗಿ ಆದ ವರ್ಷ ಮಾತ್ರ, ‘ವಾಟರ್’ ಇರುತ್ತದೆ. ಉಳಿದ ದಿನ ಮುಂದೆ ಇರುವುದು ಯೋಜನೆಗೆ ಸೇರಿದ ಭೂಮಿ. ಅಲ್ಲಿ ಬೇಲಿ ಹಾಕಲು, ದೋಣಿಕಟ್ಟೆ ಕಟ್ಟಲು ಪ್ಲಾಟಿನವರಿಗೆ ಹಕ್ಕಿಲ್ಲ. ‘ಫ್ರಂಟ್’ ಕೂಡ ಅವರದ್ದಲ್ಲ.

ಇನ್ನೊಂದು ಬದಿಯನ್ನೂ ನೋಡಿ. ಅಣೆಕಟ್ಟಿನ ಮೇಲೆ ನೀರು ಸಿಗದ ಚಿಂತೆ, ಕೆಳಗೆ ನೀರು ಹೆಚ್ಚಾದ ಭಯ. 2019ರ ಆಗಸ್ಟ್‌ನಲ್ಲಿ ಜಲಾಶಯ ತುಂಬಿ ಗೇಟು ತೆಗೆದಾಗ ಮುನವಳ್ಳಿಗೆ, ರಾಮದುರ್ಗಕ್ಕೆ ಹೊಳೆ ನುಗ್ಗಿತು. ರಾಮದುರ್ಗ ತಾಲೂಕಿನ ನೇಕಾರರ ಮಗ್ಗದ ಗುಂಡಿಗಳಲ್ಲಿ ನೀರು, ಕೆಸರು. ನೂಲು, ಸೀರೆ ಎಲ್ಲ ಹಾಳು. ನಾನು ಆಗ ಅಲ್ಲಿ ಫೋಟೊ ತೆಗೆದಿದ್ದೆ. ಗೋಡೆಗಳ ಮೇಲೆ ನೀರು ನಿಂತ ಕಂದು ಗೆರೆ ಎದೆ ಎತ್ತರಕ್ಕಿತ್ತು. ಅವೂ ‘ವಾಟರ್‌ಫ್ರಂಟ್’ ಮನೆಗಳೇ. ಅವಕ್ಕೆ ಯಾರೂ ಪಿಎಲ್‌ಸಿ ಕೊಡುವುದಿಲ್ಲ.

ಈ ನೀರಿಗೆ ರಾಜಕೀಯ ಇತಿಹಾಸವೂ ಇದೆ. ಮಲಪ್ರಭಾ ಅಚ್ಚುಕಟ್ಟಿನ ರೈತರು, ನೀರು ಬರುವ ಮೊದಲೇ ಅಭಿವೃದ್ಧಿ ಕರ ಕೇಳುತ್ತೀರಾ ಎಂದು ಸಿಡಿದೆದ್ದದ್ದು 1980ರಲ್ಲಿ. ಆ ಜುಲೈ 21ರಂದು ನರಗುಂದ–ನವಲಗುಂದದಲ್ಲಿ ಗೋಲಿಬಾರ್ ಆಯಿತು. ಕರ್ನಾಟಕದ ರೈತ ಚಳವಳಿ ಅಲ್ಲಿಂದ ಬೆಳೆಯಿತು. ಅಂಥ ನೀರಿನ ಹಿನ್ನೆಲೆಯಲ್ಲಿ ನಾನು ಎರಡು ಆರಾಮಕುರ್ಚಿ ಕೂಡಿಸಲು ಸಹಾಯ ಮಾಡಿದ್ದೆ.

ಕಾನೂನು ಏನು ಹೇಳುತ್ತದೆ?

ಇಲ್ಲಿ ಎರಡು ಕಾನೂನು ಮುಖ್ಯ.

ಮೊದಲನೆಯದು 2016ರ ರೇರಾ ಕಾಯ್ದೆ. ಅದರ 3ನೇ ಕಲಂ ಪ್ರಕಾರ ನೋಂದಣಿಯಿಲ್ಲದೆ ಯೋಜನೆಯ ಜಾಹೀರಾತನ್ನೇ ಕೊಡುವಂತಿಲ್ಲ. ಜಮೀನು 500 ಚದರ ಮೀಟರ್ ಮೀರದಿದ್ದರೆ ಅಥವಾ ಮನೆಗಳು ಎಂಟು ಮೀರದಿದ್ದರೆ ಮಾತ್ರ ವಿನಾಯಿತಿ. 11ನೇ ಕಲಂ ಪ್ರಕಾರ ಜಾಹೀರಾತಿನಲ್ಲಿ ನೋಂದಣಿ ಸಂಖ್ಯೆ, ಪ್ರಾಧಿಕಾರದ ವೆಬ್‌ಸೈಟ್ ವಿಳಾಸ ಎದ್ದುಕಾಣುವಂತೆ ಇರಬೇಕು. 12ನೇ ಕಲಂ ಇನ್ನೂ ಮುಖ್ಯ: ಜಾಹೀರಾತಿನಲ್ಲಿದ್ದ ತಪ್ಪು ಅಥವಾ ಸುಳ್ಳು ಮಾಹಿತಿ ನಂಬಿ ಹಣ ಕೊಟ್ಟು ನಷ್ಟವಾದರೆ, ಮಾರಿದವರು ಪರಿಹಾರ ಕೊಡಬೇಕು. ವ್ಯವಹಾರವೇ ಬೇಡವೆಂದರೆ ಹಣವನ್ನು ಬಡ್ಡಿ ಸಮೇತ ಮರಳಿಸಬೇಕು. ‘ಜಾಹೀರಾತು’ ಎಂಬುದಕ್ಕೆ ಈ ಕಾಯ್ದೆ ಕೊಡುವ ಅರ್ಥ ವಿಶಾಲ, ಯಾವುದೇ ಮಾಧ್ಯಮದಲ್ಲಿ ಯಾವುದೇ ರೂಪದ ಪ್ರಚಾರವೂ ಅದರೊಳಗೆ ಬರುತ್ತದೆ. ಅಂದಮೇಲೆ ವಾಟ್ಸಾಪ್‌ನಲ್ಲಿ ಹರಿದಾಡುವ ಫೋಟೊವನ್ನು “ಸುಮ್ಮನೆ ಚಿತ್ರ” ಎಂದು ತಳ್ಳಿಹಾಕುವುದು ಸುಲಭವಲ್ಲ.

ಆದರೆ ಏಜೆಂಟರು ಮಾಸ್ತರರಿಗೆ ಹೇಳಿದ್ದು: “ಇದು ಎನ್‌ಎ ಆಗಿಲ್ರಿ ಸರ್, ಹೊಲಾನೇ ಐತಿ. ಹೊಲಕ್ಕ ರೇರಾ ಎಲ್ಲಿಂದ ಬರ್ತೈತಿ?”

ಈ ಮಾತಿನ ಹಿಂದೆ ಎರಡನೆಯ ಕಾನೂನಿದೆ. ಕರ್ನಾಟಕದ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳು ಕೃಷಿಕರಲ್ಲದವರು, ಕೃಷಿಯೇತರ ಆದಾಯ ಹೆಚ್ಚಿರುವವರು ಹೊಲ ಕೊಳ್ಳದಂತೆ ತಡೆಯುತ್ತಿದ್ದವು. 2020ರ ತಿದ್ದುಪಡಿ ಅವನ್ನು ತೆಗೆದುಹಾಕಿತು. ರೈತ ಸಂಘಟನೆಗಳು ಬೀದಿಗಿಳಿದವು. ಆಗ ಅದನ್ನು ಸಮರ್ಥಿಸಿದವರು “ಯುವಕರು ಕೃಷಿಗೆ ಬರಲು ಅನುಕೂಲ” ಅಂದರು. ನಾನು ಕಂಡ ಮಟ್ಟಿಗೆ ಬಂದದ್ದು ಗುಂಟೆ ಲೆಕ್ಕದ ‘ಫಾರ್ಮ್ ಪ್ಲಾಟು’. ಮಾರುವಾಗ ಫೋಟೊದಲ್ಲಿ ವಿಲ್ಲಾ, ಕೇಳಿದರೆ ಉತಾರದಲ್ಲಿ ಹೊಲ. ವಿಲ್ಲಾ ತೋರಿಸಿ ದರ ಏರಿಸುವುದು, ಹೊಲ ಎಂದು ಕಾನೂನಿನಿಂದ ಜಾರುವುದು. ಎರಡರ ಲಾಭವೂ ಒಬ್ಬರಿಗೇ.

ಹೊಲದಲ್ಲಿ ವಿಲ್ಲಾ ಕಟ್ಟಬೇಕೆಂದರೆ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಭೂಪರಿವರ್ತನೆ ಆಗಬೇಕು. ಪರಿವರ್ತಿಸಿ ಬಡಾವಣೆ ಮಾಡಿ ಮಾರಿದರೆ ರೇರಾ ಬಾಗಿಲಿಗೆ ಬರುತ್ತದೆ. ಹಾಗಾಗಿ ಚಿತ್ರದಲ್ಲಿ ಮನೆ ಇದ್ದು, ಕಾಗದದಲ್ಲಿ ಪರಿವರ್ತನೆ ಇಲ್ಲದಿದ್ದರೆ ಅಲ್ಲೇ ನಿಂತುಬಿಡಿ.

ಫೋಟೊ ಓದುವುದು ಹೇಗೆ?

ನಿಮ್ಮ ಮನೆಯ ಹಿರಿಯರ ಫೋನಿಗೂ ಇಂಥ ಚಿತ್ರಗಳು ಬರುತ್ತಿರುತ್ತವೆ. ಅವರಿಗೆ ಓದಿ ಹೇಳುವವರು ನೀವೇ ಆಗಬೇಕಾಗುತ್ತದೆ. ಒಳಗಿನವನಾಗಿ ಕೆಲವು ಸುಳಿವು ಕೊಡುತ್ತೇನೆ.

ನೀರು ಗಾಜಿನಂತೆ ನುಣುಪಾಗಿ, ಆಕಾಶದ ಮೋಡ ಉದ್ದುದ್ದ ಎಳೆದಂತೆ ಇದ್ದರೆ ಅದು ಉದ್ದ ಎಕ್ಸ್‌ಪೋಷರ್. ನೀರಿನ ಮೇಲೆ ಏನು ತೇಲುತ್ತಿತ್ತು ಎಂದು ಅದರಿಂದ ತಿಳಿಯದು. ಹಗಲಿನ ಒಂದು ಸಾದಾ ವಿಡಿಯೊ ಕೇಳಿ.

ಮನೆ ಮತ್ತು ನೀರು ಒಂದಕ್ಕೊಂದು ಅಂಟಿಕೊಂಡಂತೆ, ಹಿಂದಿನ ಗುಡ್ಡ ವಿಪರೀತ ದೊಡ್ಡದಾಗಿ ಕಂಡರೆ ಅದು ಉದ್ದ ಲೆನ್ಸ್. ಪ್ಲಾಟಿನ ಗಡಿಕಲ್ಲಿನಿಂದ ನೀರಿನವರೆಗೆ ಫೋನ್ ಹಿಡಿದು ನಿಲ್ಲಿಸದೆ ನಡೆದು ತೋರಿಸಿ ಅನ್ನಿ.

ಡ್ರೋನ್ ಚಿತ್ರ ಒಂದೇ ದಿಕ್ಕಿನದಿದ್ದರೆ ಉಳಿದ ಮೂರು ದಿಕ್ಕು ಕೇಳಿ. ಡ್ರೋನ್ ಹಾರಿಸಿದವರಿಗೆ ಅದು ಒಂದು ನಿಮಿಷದ ಕೆಲಸ. ಅಂದ ಹಾಗೆ 2021ರ ಡ್ರೋನ್ ನಿಯಮಗಳಲ್ಲಿ ಹಸಿರು ವಲಯದಲ್ಲಿ ಹಾರಿಸಬಹುದಾದ ಮಿತಿ 400 ಅಡಿ. 250 ಗ್ರಾಂ ಮೀರಿದ ಡ್ರೋನನ್ನು ದುಡಿಮೆಗೆ ಬಳಸಬೇಕಾದರೆ ಪೈಲಟ್ ಪ್ರಮಾಣಪತ್ರ ಬೇಕು. ಅಣೆಕಟ್ಟಿನ ಹತ್ತಿರವಂತೂ ಕೇಳದೆ ಹಾರಿಸಬೇಡಿ.

ಚಿತ್ರ ಯಾವ ತಿಂಗಳದ್ದು ಎಂದು ಕೇಳಿ. ಜಲಾಶಯದ ನೀರಿನ ಮಟ್ಟವನ್ನು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ದಿನಾ ಪ್ರಕಟಿಸುತ್ತದೆ. ಗೂಗಲ್ ಅರ್ಥ್‌ನಲ್ಲಿ ಅದೇ ಜಾಗದ ಹಳೆಯ ವರ್ಷಗಳ ಉಪಗ್ರಹ ಚಿತ್ರ ಪುಕ್ಕಟೆ ಸಿಗುತ್ತದೆ. ಬೇಸಿಗೆಯದ್ದೊಂದು, ಮಳೆಗಾಲದ್ದೊಂದು ಪಕ್ಕಪಕ್ಕ ಇಟ್ಟು ನೋಡಿ. ಸರ್ವೆ ನಂಬರು ತಿಳಿಯಲು ಸರ್ಕಾರದ ದಿಶಾಂಕ್ ಆಪ್ ಇದೆ.

ಮತ್ತು ಒಂದು ತಾಂತ್ರಿಕ ವಿಷಯ. ಕ್ಯಾಮೆರಾ ಪ್ರತಿ ಫೋಟೊದೊಳಗೆ ತಾರೀಖು, ಗಂಟೆ, ಲೆನ್ಸ್ ಎಲ್ಲ ಬರೆದಿಡುತ್ತದೆ. ಡ್ರೋನ್ ಆಗಿದ್ದರೆ ಜಾಗವನ್ನೂ. ಆದರೆ ವಾಟ್ಸಾಪ್‌ನಲ್ಲಿ ಚಿತ್ರವಾಗಿ ಕಳಿಸಿದಾಗ ಆ ಮಾಹಿತಿ ಅಳಿಸಿಹೋಗುತ್ತದೆ. “ಮೂಲ ಫೈಲನ್ನು ಡಾಕ್ಯುಮೆಂಟ್ ಆಗಿ ಕಳಿಸಿ” ಎಂದು ಕೇಳಿ. ಕಳಿಸಲು ಹಿಂಜರಿದರೆ ಅದೇ ಒಂದು ಉತ್ತರ.

ಮಾಸ್ತರರ ಮನೆಗೆ ಹೋದೆ

ಫೋನ್ ಬಂದ ಮೂರನೇ ದಿನ ಮಾಸ್ತರರ ಮನೆಗೆ ಹೋದೆ. ಬೈಯ್ಯಬಹುದು ಅಂದುಕೊಂಡಿದ್ದೆ. ಅಕ್ಕೋರು ಚಹಾ ಕೊಟ್ಟರು. ಮಾಸ್ತರರು ಮೊಬೈಲಿನಲ್ಲಿ ಆ ಫೋಟೊ ತೆಗೆದು, ಕನ್ನಡಕ ಏರಿಸಿಕೊಂಡು, “ಇದು ಹೆಂಗ ಮಾಡಿದಿ, ಹೇಳು” ಅಂದರು. ಶಾಲೆಯಲ್ಲಿ ಗಣಿತದ ಲೆಕ್ಕ ತಪ್ಪಿದಾಗ ಕೇಳುತ್ತಿದ್ದ ಹಾಗೇ ಇತ್ತು ಧ್ವನಿ. ಈ ಲೇಖನದಲ್ಲಿ ಬರೆದದ್ದನ್ನೆಲ್ಲ ಮೊದಲು ಹೇಳಿದ್ದು ಅವರಿಗೆ.

ಎಲ್ಲ ಕೇಳಿ ಅವರು ಒಂದೇ ಪ್ರಶ್ನೆ ಕೇಳಿದರು: “ನಿನಗ ಗೊತ್ತಿತ್ತಲ್ಲ, ಬ್ಯಾಸಗ್ಯಾಗ ಅಲ್ಲಿ ನೀರ ಇರೂದಿಲ್ಲಂತ? ನಿಮ್ಮ ಆಯಿ ಊರಲ್ಲೇನು ಅದು?”

ಗೊತ್ತಿತ್ತು. ಬೆಂಗಳೂರಿನ ಕೆರೆಗಳ ವಿಷಯದಲ್ಲಿ “ನನಗೇನು ಗೊತ್ತು” ಅನ್ನಬಹುದಿತ್ತು. ಇಲ್ಲಿ ಆ ನೆಪವೂ ಇರಲಿಲ್ಲ. ರೇರಾ ಕಾಯ್ದೆಯ 12ನೇ ಕಲಂ ಮಾತಾಡುವುದು ಮಾರುವವರ ಬಗ್ಗೆ, ಫೋಟೊಗ್ರಾಫರನ ಬಗ್ಗೆ ಅಲ್ಲ. ಅದರಲ್ಲಿ ನನ್ನ ಹೆಸರಿಲ್ಲ ಎಂದು ಮಾಸ್ತರರ ಮುಂದೆ ಕೂತು ಹೇಳಲು ನನಗಾಗಲಿಲ್ಲ.

ಅವತ್ತೇ ಮೂಲ ಫೈಲುಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಕೊಟ್ಟೆ. ಯಾವ ತಾರೀಖು, ಎಲ್ಲಿ ನಿಂತು, ಯಾವ ಲೆನ್ಸಿನಲ್ಲಿ ತೆಗೆದೆ, ನೀರಿಗೂ ಪ್ಲಾಟಿಗೂ ಎಷ್ಟು ದೂರವಿತ್ತು, ಏನು ಅಳಿಸಿದೆ, ಮನೆ ಎಲ್ಲಿಂದ ಬಂತು ಎಂದು ಬರೆದು ಸಹಿ ಹಾಕಿದೆ. ಅದನ್ನು ತೋರಿಸಿ ಕೇಳಿದ ಮೇಲೆ ಅವರ ಮುಂಗಡದಲ್ಲಿ ಅರ್ಧ ವಾಪಸ್ ಬಂದಿದೆ. ಉಳಿದರ್ಧಕ್ಕೆ ವಕೀಲರ ನೋಟಿಸ್ ಹೋಗಿದೆ. ಆ ಏಜೆಂಟರು ನನಗೆ ಫೋನ್ ಮಾಡುವುದನ್ನು ಬಿಟ್ಟಿದ್ದಾರೆ. ಅವರ ಪರಿಚಯದ ಇನ್ನಿಬ್ಬರೂ ಬಿಟ್ಟಿದ್ದಾರೆ.

ಕೆಲಸವನ್ನು ನಾನು ಪೂರ್ತಿ ಬಿಟ್ಟಿಲ್ಲ. ಮನೆ ಮಾರುವವರಿಗೆ ಒಳ್ಳೆಯ ಫೋಟೊ ಬೇಕು, ಅದರಲ್ಲಿ ತಪ್ಪೇನಿಲ್ಲ. ಈಗ ಒಪ್ಪಿಕೊಳ್ಳುವ ಮೊದಲೇ ಎರಡು ಷರತ್ತು ಹೇಳುತ್ತೇನೆ: ಪ್ರತಿ ಚಿತ್ರದ ಮೇಲೆ ತೆಗೆದ ತಿಂಗಳು–ವರ್ಷ ಇರಬೇಕು, ಕೂಡಿಸಿದ ಮನೆಯಾದರೆ ‘ಇದು ಕಲ್ಪನೆಯ ಚಿತ್ರ’ ಎಂದು ಕನ್ನಡದಲ್ಲಿ, ಓದಲಾಗುವ ಅಕ್ಷರದಲ್ಲಿ ಬರೆಯಬೇಕು. ಹತ್ತರಲ್ಲಿ ಏಳು ಜನ “ಆಮೇಲೆ ಹೇಳ್ತೇವ್ರಿ” ಅಂದು ಫೋನ್ ಇಡುತ್ತಾರೆ. ಉಳಿದ ಮೂವರ ಕೆಲಸ ಮಾಡುತ್ತೇನೆ. ಕಮ್ಮಿ ಬಿದ್ದದ್ದಕ್ಕೆ ಮದುವೆ ಸೀಸನ್ ಇದೆ.

ಮೇ ತಿಂಗಳಲ್ಲಿ ಮತ್ತೆ ಅದೇ ಏರಿಗೆ ಹೋಗಿ, ಅದೇ ಜಾಗದಲ್ಲಿ ನಿಂತು, ಅದೇ ಲೆನ್ಸಿನಲ್ಲಿ ಒಂದು ಫೋಟೊ ತೆಗೆದೆ. ಬೇಲಿಯಾಚೆ ಬಿರುಕು ಬಿಟ್ಟ ಎರಿ, ಕಟಾವಾದ ಕಡ್ಲಿ ಹೊಲ, ಕುರಿ ಮೇಯಿಸುವ ಒಬ್ಬ ಹುಡುಗ, ಬಹಳ ಹಿಂದೆ ತೆಳ್ಳಗೆ ಹೊಳೆಯುವ ನೀರು. ಅದನ್ನು ಸೆಪ್ಟೆಂಬರ್ ಫೋಟೊ ಪಕ್ಕದಲ್ಲಿಟ್ಟು ಸ್ಟೇಟಸ್ ಹಾಕಿದೆ. ಮಾಸ್ತರರಿಂದ ಮೆಸೇಜು ಬಂತು: “ಈಗ ಲೆಕ್ಕ ಬರೋಬ್ಬರಿ ಆತು.”